ದಿನಕ್ಕೆರಡು ಘಳಿಗೆ ತಡವಾಗುವ ಕಡಲು

ಆ ಕಾಗದಕ್ಕೆ ನಾನು ಸಹಿ ಹಾಕಿದ್ದು ಒಂದು ಶುಕ್ರವಾರ ಮಧ್ಯಾಹ್ನ, ಡಬ್ಬಿ ಊಟ ಮುಗಿಸಿ, ಬಾಯಲ್ಲಿ ಇನ್ನೂ ಸೋಂಪು ಇರುವಾಗಲೇ. ‘ಎಲ್ಲ ಪರೀಕ್ಷೆ ಮುಗಿದಿದೆ, ದೋಷ ಕಂಡಿಲ್ಲ’ ಎಂಬ ಸಾಲು, ಅದರ ಕೆಳಗೆ ನನ್ನ ಹೆಸರು. ಗಂಗೆಯ ದಡದ ಮಹಾನಗರದಲ್ಲಿ, ಸಾಲ್ಟ್ ಲೇಕ್‌ನ ಆ ಕಚೇರಿಯಲ್ಲಿ ನನ್ನ ಕೆಲಸವೇ ಅದಾಗಿತ್ತು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಹುಳುಕು ಹುಡುಕುವುದು. ಹುಟ್ಟುಗುಣಕ್ಕೆ ಸಂಬಳವೂ ಸಿಕ್ಕಿತಲ್ಲ ಎಂದು ಧಾರವಾಡದಲ್ಲಿ ನನ್ನ ಅಕ್ಕ ನಗುತ್ತಿದ್ದಳು.

ಕೆಲಸ ಕೊಟ್ಟವರು ದಕ್ಷಿಣದ ತುದಿಯ ಒಂದು ದೇಶದವರು. ಅಲ್ಲಿಯ ಕಡಲತೀರದಲ್ಲಿ ಒಂದು ವನ್ಯಧಾಮ, ಆ ಧಾಮದಲ್ಲಿ ಸೀಲ್‌ಗಳ ಒಂದು ದೊಡ್ಡ ನೆಲೆ. ವರ್ಷಕ್ಕೊಮ್ಮೆ ಅವು ನೀರಿನಿಂದ ಮೇಲೆ ಬಂದು ಮರಳಿನಲ್ಲಿ ಮರಿ ಹಾಕುತ್ತವೆ. ನೋಡಲು ಜನ ಬರುತ್ತಾರೆ. ಇಪ್ಪತ್ತು ಮಂದಿಯ ಗುಂಪು ಮಾಡಿ, ಮಾರ್ಗದರ್ಶಕರೊಬ್ಬರನ್ನು ಜೊತೆಗೆ ಕೊಟ್ಟು, ಗುಡ್ಡದಿಂದ ದಂಡೆಗೆ ಇಳಿಯುವ ಒಂದೇ ಕಾಲುದಾರಿಯಲ್ಲಿ ಕಳಿಸಬೇಕು. ಯಾವ ಗುಂಪು ಎಷ್ಟು ಹೊತ್ತಿಗೆ ಇಳಿಯಬೇಕು, ಯಾವಾಗ ಮರಳಬೇಕು ಎಂಬುದನ್ನು ನಮ್ಮ ಸಾಫ್ಟ್‌ವೇರ್ ನಿರ್ಧರಿಸುತ್ತಿತ್ತು. ದಾರಿಯ ಬಾಗಿಲಲ್ಲಿ ಒಂದು ದೀಪ. ಹಸಿರಿದ್ದರೆ ಹೋಗು, ಕೆಂಪಿದ್ದರೆ ನಿಲ್ಲು.

ನಾನು ಸೀಲ್ ನೋಡಿದವಳಲ್ಲ. ನಮ್ಮ ತಂಡದಲ್ಲಿ ಯಾರೂ ನೋಡಿರಲಿಲ್ಲ. ಅವರು ಕಳಿಸಿದ ಹದಿನಾಲ್ಕು ಫೋಟೊಗಳನ್ನು ನನ್ನ ಮೇಜಿನ ಎದುರು ಅಂಟಿಸಿಕೊಂಡಿದ್ದೆ. ನಾಯಿಯ ಮುಖ, ಮೀನಿನ ಮೈ, ಊಟವಾದ ಮೇಲೆ ಚಾಪೆಯಲ್ಲಿ ಉರುಳಿದ ನಮ್ಮ ಸೋದರಮಾವನ ಠೀವಿ. ಐದು ತಿಂಗಳು ದಿನಕ್ಕೆ ಒಂಬತ್ತು ಗಂಟೆ ಅವುಗಳನ್ನು ನೋಡಿ ನೋಡಿ ನನಗೆ ಅವು ಮನೆಯವರೇ ಆಗಿಬಿಟ್ಟಿದ್ದವು.

ಪರೀಕ್ಷೆಗೆ ನಿಜವಾದ ಮಾಹಿತಿ ಬೇಕೆಂದು ಕೇಳಿದಾಗ ವನ್ಯಧಾಮದ ಮೇಲ್ವಿಚಾರಕರು ತಮ್ಮ ಹಳೆಯ ರಿಜಿಸ್ಟರಿನ ಒಂದು ಪುಟವನ್ನು ಫ್ಯಾಕ್ಸ್ ಮಾಡಿದ್ದರು. ಒಂದು ದಿನದ ಪುಟ. ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಅರ್ಧ ಗಂಟೆಗೊಂದು ಗುಂಪು, ಹೆಸರುಗಳು, ತಲೆಗಳ ಎಣಿಕೆ, ಎಲ್ಲ ಅಚ್ಚುಕಟ್ಟಾಗಿತ್ತು. ನಮಗೆ ಜನ ಬರುವ ಪೂರ್ತಿ ಋತುವಿನ, ನಾಲ್ಕು ತಿಂಗಳ, ಮಾಹಿತಿ ಬೇಕಿತ್ತು. ನಮ್ಮ ಪ್ರೋಗ್ರಾಮರ್, ಚುರುಕಾದ ಬಂಗಾಳಿ ಹುಡುಗ, ಹತ್ತು ನಿಮಿಷದಲ್ಲಿ ಒಂದು ಉಪಾಯ ಮಾಡಿದ. ಆ ಒಂದೇ ಪುಟವನ್ನು ನೂರಿಪ್ಪತ್ತು ಸಲ ನಕಲು ಮಾಡಿ ತಾರೀಖನ್ನು ಮಾತ್ರ ಬದಲಿಸಿದ. ನಾನು ಒಪ್ಪಿದೆ. ಅನ್ನ ಬೆಂದಿದೆಯೋ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎಂಬ ಮಾತಿನಲ್ಲಿ ಬೆಳೆದವಳು ನಾನು. ನೂರಿಪ್ಪತ್ತು ದಿನವೂ ಎಲ್ಲ ಗುಂಪುಗಳೂ ಸುಸೂತ್ರವಾಗಿ ಇಳಿದವು, ಸುಸೂತ್ರವಾಗಿ ಹತ್ತಿದವು.

ಸಹಿ ಹಾಕಿದ ಎಂಟನೆಯ ದಿನ, ಶನಿವಾರ, ಆ ಪತ್ರ ಬಂತು. ಋತು ಆರಂಭವಾಗುವ ಮೊದಲು ಅವರು ಒಂದು ದಿನದ ಪ್ರಯೋಗ ಮಾಡಿದ್ದರು. ಹತ್ತಿರದ ಊರಿನವರನ್ನೇ ಕರೆದು ಗುಂಪು ಮಾಡಿ, ನಮ್ಮ ದೀಪ ಹೇಳಿದಂತೆ ಕಳಿಸಿದ್ದರು. ಮೇಲ್ವಿಚಾರಕರ ಪತ್ರದಲ್ಲಿ ಬೈಗುಳವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಹನ್ನೊಂದೂವರೆಯ ಗುಂಪು ಇಳಿದಾಗ ದಂಡೆಯಲ್ಲಿ ಮರಳೇ ಉಳಿದಿರಲಿಲ್ಲ. ನೀರು ಏರಿದ್ದರಿಂದ ಸೀಲ್‌ಗಳೆಲ್ಲ ಮೇಲಕ್ಕೆ ಸರಿದು ಕಾಲುದಾರಿಯ ಬದಿಗೇ ಬಂದು ಮಲಗಿದ್ದವು. ಜನ ಹೋಗಿ ನಿಂತದ್ದು ಒಂದು ತಾಯಿಗೂ ಅದರ ಮರಿಗೂ ನಡುವೆ. ತಾಯಿ ಬೆದರಿ ನೀರಿಗೆ ಹೋಯಿತು. ಮರಿ ಹುಟ್ಟಿ ನಾಲ್ಕೇ ದಿನ. ‘ಸಂಜೆಯವರೆಗೆ ತಾಯಿ ಮರಳಿಲ್ಲ. ಋತುವಿಗೆ ಆರು ವಾರವಿದೆ. ಅಷ್ಟರಲ್ಲಿ ಇದು ಸರಿಯಾಗದಿದ್ದರೆ ನಾವು ನಮ್ಮ ರಿಜಿಸ್ಟರಿಗೆ ಹಿಂದಿರುಗುತ್ತೇವೆ’ ಎಂದು ಪತ್ರ ಮುಗಿದಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ನನ್ನ ಕೈಯಲ್ಲೇ ಇತ್ತು ಎಂಬುದೊಂದು ವಿಶೇಷ.

ಮ್ಯಾನೇಜರ್ ಆ ಪತ್ರವನ್ನು ಎರಡು ಸಲ ಓದಿದರು. ಮನುಷ್ಯ ಕೆಟ್ಟವರಲ್ಲ. ದುರ್ಗಾಪೂಜೆಯ ವಾರ ಎದುರಿಗೇ ಇತ್ತು, ಅರ್ಧ ತಂಡ ರಜೆಯ ಅರ್ಜಿ ಹಾಕಿ ಕುಳಿತಿತ್ತು.

“ಗುಂಪನ್ನು ಇಪ್ಪತ್ತರಿಂದ ಹತ್ತಕ್ಕೆ ಇಳಿಸೋಣ. ಜನ ಕಡಿಮೆಯಾದರೆ ಪ್ರಾಣಿಗಳಿಗೆ ತೊಂದರೆ ಕಡಿಮೆ. ಒಂದು ದಿನದ ಕೆಲಸ” ಎಂದರು.

“ದಂಡೆಯಲ್ಲಿ ಮರಳೇ ಇಲ್ಲದಿದ್ದರೆ ಹತ್ತು ಜನ ಎಲ್ಲಿ ನಿಲ್ಲುತ್ತಾರೆ ಸರ್?” ಎಂದೆ.

“ಪ್ರಯೋಗದ ದಿನ ಅಲೆ ಜೋರಾಗಿದ್ದಿರಬಹುದು. ದಿನವೂ ಹಾಗಿರುತ್ತದೆಯೇ?”

ದಿನವೂ ಹಾಗಿರುತ್ತದೆಯೇ ಎಂಬುದು ನನಗೂ ಗೊತ್ತಿರಲಿಲ್ಲ. ಧಾರವಾಡದಲ್ಲಿ ಕೆರೆ ಉಂಟು, ಕಡಲಿಲ್ಲ. ಸಣ್ಣವಳಿದ್ದಾಗ ಭೂಗೋಳದ ಪುಸ್ತಕದಲ್ಲಿ ಉಬ್ಬರವಿಳಿತದ ಚಿತ್ರ ಬಿಡಿಸಿ ಶಿಕ್ಷಕಿಯಿಂದ ಭೇಷ್ ಅನ್ನಿಸಿಕೊಂಡಿದ್ದೆ. ಆ ಚಿತ್ರಕ್ಕೂ ನನ್ನ ಮೇಜಿನ ಮೇಲಿದ್ದ ಕೆಲಸಕ್ಕೂ ಸಂಬಂಧವಿದೆ ಎಂದು ಐದು ತಿಂಗಳಲ್ಲಿ ಒಮ್ಮೆಯೂ ಹೊಳೆಯಲಿಲ್ಲ.

ಆಗ ನಾನು ಬಾಡಿಗೆಗಿದ್ದದ್ದು ಗರಿಯಾಹಾಟ್ ಹಿಂದಿನ ಓಣಿಯಲ್ಲಿ, ಎರಡಂತಸ್ತಿನ ಮನೆಯ ಕೆಳಭಾಗದಲ್ಲಿ. ಮೇಲಿದ್ದವರು ಮಲ್ಪೆಯ ಕಡೆಯ ಹಿರಿಯ ದಂಪತಿ. ಯಜಮಾನರು ಖಿದಿರ್‌ಪುರದ ಹಡಗುಕಟ್ಟೆಯ ಬಳಿ, ನದಿಯ ನೀರಿನ ಮಟ್ಟವನ್ನು ಗಂಟೆಗಂಟೆಗೂ ಅಳೆದು ಬರೆದಿಡುವ ಕೆಲಸದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಚಿಗವ್ವ ಎಂದೂ ಕರೆಯುತ್ತಿದ್ದೆ. ಚಿಗವ್ವ ಎಂದಾಗಲೆಲ್ಲ ಅವರಿಗೆ ನಗು. ಆ ರಾತ್ರಿ ನನ್ನ ಮುಖ ನೋಡಿ ಅವರು ಬಿಡದೆ ಕೇಳಿದರು, ನಾನು ಮರಿಯ ಕಥೆ ಹೇಳಿದೆ. ಗುಂಪು, ದೀಪ, ಸಹಿ ಯಾವುದೂ ಅವರಿಗೆ ಬೇಕಿರಲಿಲ್ಲ.

“ತಾಯಿ ಬಂತಾ?” ಎಂದಷ್ಟೇ ಕೇಳಿದರು.

“ಗೊತ್ತಿಲ್ರಿ ಚಿಗವ್ವ.”

“ಕೇಳು ಮಾರಾಯ್ತಿ.”

ಕೇಳುವ ಧೈರ್ಯ ನನಗಿರಲಿಲ್ಲ. ಬರಲಿಲ್ಲ ಎಂದುಬಿಟ್ಟರೆ ಏನು ಮಾಡುವುದು?

ಮಾರನೆಯ ದಿನ ಮಹಾಲಯ ಅಮಾವಾಸ್ಯೆ, ಅದೃಷ್ಟಕ್ಕೆ ಭಾನುವಾರ. ಕಾಕಾ ಪ್ರತಿ ವರ್ಷದಂತೆ ಗಂಗೆಯ ಘಾಟಿಗೆ ತರ್ಪಣಕ್ಕೆ ಹೊರಟರು. ಮೊಣಕಾಲು ನೋವಿನ ಮನುಷ್ಯ, ಮೆಟ್ಟಿಲಲ್ಲಿ ಕೈ ಹಿಡಿಯಲು ಒಬ್ಬರು ಬೇಕೆಂದು ಚಿಗವ್ವ ನನ್ನನ್ನು ಜೊತೆಗೆ ಕಳಿಸಿದರು. ಬೆಳಿಗ್ಗೆ ನದಿ ಇಳಿದಿತ್ತು. ಕೊನೆಯ ಮೆಟ್ಟಿಲಿಗೂ ಕೆಳಗೆ ಹತ್ತು ಹೆಜ್ಜೆ ಬರೀ ಕೆಸರು, ಆ ಕೆಸರಿನಲ್ಲಿ ಊರಿಗೆ ಊರೇ ನಿಂತು ಎಳ್ಳು ನೀರು ಬಿಡುತ್ತಿತ್ತು. ಕಾಕಾ ತಮ್ಮ ತಂದೆ, ಅಜ್ಜಂದಿರಿಗೆಲ್ಲ ನೀರು ಬಿಟ್ಟು ಮೇಲೆ ಬಂದರು. ಮನೆಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಕೈಗಡಿಯಾರ ನೋಡತೊಡಗಿದರು.

“ಇನ್ನು ಸ್ವಲ್ಪ ಹೊತ್ತಿಗೆ ಬಾನ್ ಬರ್ತದೆ, ಕಡಲಿನ ನೀರು ಗೋಡೆ ಹಾಗೆ ನದಿಯೊಳಗೆ ನುಗ್ಗಿ ಬರುದು. ನೋಡಿಯೇ ಹೋಗುವ. ಅಮಾವಾಸ್ಯೆಯ ನೀರು ನೋಡದೆ ನನಗೆ ಊಟ ಸೇರುದಿಲ್ಲ” ಎಂದರು.

ಮಧ್ಯಾಹ್ನ ಹತ್ತಿರವಾದಾಗ ಪೊಲೀಸರು ಸೀಟಿ ಊದುತ್ತ ಜನರನ್ನು ಮೇಲೆ ಹತ್ತಿಸಿದರು. ದಡದಲ್ಲಿದ್ದ ದೋಣಿಗಳವರು ಒಬ್ಬರಿಗೊಬ್ಬರು ‘ಬಾನ್, ಬಾನ್’ ಎಂದು ಕೂಗಿಕೊಳ್ಳುತ್ತ ದೋಣಿಗಳನ್ನು ನಡುನೀರಿಗೆ ಒಯ್ದರು. ಆಮೇಲೆ ತೆಂಕಣದ ತಿರುವಿನಿಂದ ನದಿಯ ಅಗಲಕ್ಕೂ ಒಂದು ಬಿಳಿ ಗೆರೆ ಬಂತು. ಅದು ನಮ್ಮೆದುರು ಹಾದು ಹೋದ ಮೇಲೆ ನೀರು ಏರುತ್ತಲೇ ಇತ್ತು. ಬೆಳಿಗ್ಗೆ ಕಾಕಾ ನಿಂತು ತರ್ಪಣ ಬಿಟ್ಟ ಜಾಗ ಎಲ್ಲಿತ್ತೆಂದು ತೋರಿಸಲಾಗದಂತೆ ಮುಳುಗಿ, ಮೆಟ್ಟಿಲು ಮೆಟ್ಟಿಲಾಗಿ ನೀರು ಮೇಲೆ ಬಂತು. ಸೀಟಿ ಊದದೆ ಇದ್ದಿದ್ದರೆ ಅಷ್ಟು ಜನ ಎಲ್ಲಿರುತ್ತಿದ್ದರು ಎಂದು ನಾನು ಯೋಚಿಸುತ್ತಿದ್ದೆ.

“ನಿನ್ನೆನೂ ಇಷ್ಟ ಹೊತ್ತಿಗೇ ಬಂದಿತ್ತೇನ್ರಿ ಕಾಕಾ?” ಎಂದು ಕೇಳಿದೆ.

“ನಿನ್ನೆ ಇದಕ್ಕಿಂತ ಎರಡು ಘಳಿಗೆ ಮೊದಲು. ನಾಳೆ ಎರಡು ಘಳಿಗೆ ತಡ. ತಿಥಿಗೆ ಎರಡು ಘಳಿಗೆಯಂತೆ ಹಿಂದೆ ಹೋಗ್ತಾ ಹೋಗ್ತಾ ಅಷ್ಟಮಿಗೆ ಎಲ್ಲ ಉಲ್ಟಾ ಆಗ್ತದೆ. ಆ ದಿನ ಈ ಹೊತ್ತಿಗೆ ಇಲ್ಲಿ ಬರೀ ಕೆಸರು. ಹುಣ್ಣಿಮೆಗೆ ಮತ್ತೆ ಇಲ್ಲಿಗೇ ಬರ್ತದೆ. ನನ್ನ ಅಪ್ಪನಿಗೆ ಗಡಿಯಾರ ಇರ್ಲಿಲ್ಲ. ಪಂಚಾಂಗ ನೋಡಿ ದೋಣಿ ಇಳಿಸ್ತಿದ್ರು.”

ಎರಡು ಘಳಿಗೆ ಎಂದರೆ ನಲವತ್ತೆಂಟು ನಿಮಿಷ. ನಾನು ಮೆಟ್ಟಿಲಿನಲ್ಲೇ ಕುಳಿತುಬಿಟ್ಟೆ. ಅವರು ಕಳಿಸಿದ ಆ ಒಂದು ಪುಟದ ದಿನ ಮಧ್ಯಾಹ್ನದ ಹೊತ್ತಿಗೆ ನೀರು ಇಳಿದಿದ್ದಿರಬೇಕು. ನಾವು ಅದೇ ದಿನವನ್ನು ನೂರಿಪ್ಪತ್ತು ಸಲ ಆಡಿಸಿದ್ದೆವು. ನಮ್ಮ ಪರೀಕ್ಷೆಯಲ್ಲಿ ನಾಲ್ಕು ತಿಂಗಳ ಕಾಲ ಚಂದ್ರ ಒಂದೇ ಕಡೆ ನಿಂತಿದ್ದ. ಒಂದಗುಳಿನ ಮಾತು ಅನ್ನಕ್ಕೆ ಸರಿ, ಕಡಲಿಗಲ್ಲ.

“ಕಾಕಾ, ನಾ ದೊಡ್ಡ ತಪ್ಪು ಮಾಡೀನ್ರಿ” ಎಂದೆ.

“ತಪ್ಪು ಮಾಡಿದ್ದು ಗೊತ್ತಾಯ್ತಲ್ಲ. ಈಗ ಏಳು, ಹಸಿವಾಗ್ತದೆ” ಎಂದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಕಚೇರಿಗೆ ಹೋಗಿ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ನಮ್ಮ ಬೆಳಗೆಂದರೆ ಅವರಿಗೆ ಮಧ್ಯಾಹ್ನ. ರಿಜಿಸ್ಟರಿನ ಕಾಲದಲ್ಲಿ ಗುಂಪುಗಳಿಗೆ ಹೊತ್ತು ಗೊತ್ತು ಮಾಡುತ್ತಿದ್ದದ್ದು ಹೇಗೆ ಎಂದು ಕೇಳಿದೆ.

“ಬೆಳಿಗ್ಗೆ ದಂಡೆಗೆ ಹೋಗುತ್ತೇನೆ. ಅಲ್ಲಿ ಒಂದು ಗೂಟ ನೆಟ್ಟಿದ್ದೇನೆ. ನೀರು ಗೂಟದ ಎಲ್ಲಿದೆ ನೋಡುತ್ತೇನೆ. ನೀರು ಪೂರ್ತಿ ಏರಿ ಗೂಟದ ತುದಿ ಮುಟ್ಟುವ ಹೊತ್ತಿನ ಹಿಂದೆ ಒಂದೂವರೆ ಗಂಟೆ, ಮುಂದೆ ಒಂದೂವರೆ ಗಂಟೆ ದಾರಿ ಮುಚ್ಚಬೇಕು. ಅದನ್ನು ಕಪ್ಪುಹಲಗೆಯಲ್ಲಿ ಬರೆಯುತ್ತೇನೆ.”

“ನಮಗೆ ಕಳಿಸಿದ ವಿವರಗಳಲ್ಲಿ ಇದು ಇರಲಿಲ್ಲವಲ್ಲ?”

ಆ ಕಡೆ ರಿಜಿಸ್ಟರ್ ಮುಚ್ಚಿದ ಸದ್ದು ಕೇಳಿಸಿತು.

“ಕಡಲು ಏರುತ್ತದೆ ಇಳಿಯುತ್ತದೆ ಎಂದು ಬರೆದು ತಿಳಿಸಬೇಕೆಂದು ನನಗೆ ಹೊಳೆಯಲಿಲ್ಲ. ನೀವೂ ಕೇಳಲಿಲ್ಲ” ಎಂದರು.

ಮರಿಯ ವಿಷಯ ನಾಲಿಗೆಯ ತುದಿಗೆ ಬಂತು, ಅಲ್ಲೇ ಉಳಿಯಿತು.

ಫೋನ್ ಇಟ್ಟು ಕಂಪ್ಯೂಟರ್ ತೆರೆದೆ. ಮ್ಯಾನೇಜರ್ ಹೇಳಿದ ಹತ್ತು ಜನರ ತಿದ್ದುಪಡಿ ಶನಿವಾರ ಸಂಜೆಯೇ ಸಿದ್ಧವಾಗಿತ್ತು. ಅದನ್ನು ಕಳಿಸಿದರೆ ಪೂಜೆಯ ರಜೆ ಎಲ್ಲರಿಗೂ ಉಳಿಯುತ್ತಿತ್ತು, ತಪ್ಪು ಯಾರದು ಎಂಬ ಪ್ರಶ್ನೆಯೂ ಏಳುತ್ತಿರಲಿಲ್ಲ. ಋತು ಶುರುವಾದ ಮೇಲೆ ಮತ್ತೆ ಯಾವುದೋ ಮಧ್ಯಾಹ್ನ ಹತ್ತು ಮಂದಿ ಯಾವುದೋ ತಾಯಿ, ಮರಿಯ ನಡುವೆ ಹೋಗಿ ನಿಲ್ಲುತ್ತಿದ್ದರು. ನಾನು ಒಂದು ಪುಟದ ಪತ್ರ ಬರೆದೆ. ನನ್ನ ಪರೀಕ್ಷೆ ಸುಳ್ಳು, ಒಂದೇ ದಿನವನ್ನು ನೂರಿಪ್ಪತ್ತು ದಿನವೆಂದು ನೋಡಿದ್ದೇನೆ, ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತೇನೆ, ಹೊಸ ಪರೀಕ್ಷೆ ಮುಗಿಯುವವರೆಗೆ ದೀಪ ಹಚ್ಚಬೇಡಿ. ಕಳಿಸುವ ಮೊದಲು ಮ್ಯಾನೇಜರಿಗೆ ತೋರಿಸಿದೆ.

“ಹಾಕಿದ ಸಹಿಯನ್ನು ಹಿಂತೆಗೆದವರನ್ನು ನಾನು ಈವರೆಗೆ ನೋಡಿಲ್ಲ. ಇದರಿಂದ ಈ ಕೆಲಸವೇ ಕೈತಪ್ಪಬಹುದು, ಗೊತ್ತಲ್ಲ?” ಎಂದರು.

“ಗೊತ್ತು ಸರ್.”

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಪೆನ್ನು ತೆಗೆದುಕೊಂಡು ನನ್ನ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆದರು. ಒಬ್ಬಳೇ ಬೈಸಿಕೊಳ್ಳುವುದು ಬೇಡ ಎಂದಷ್ಟೇ ಹೇಳಿ ಎದ್ದು ಹೋದರು. ಆ ದಿನದ ಆ ಎರಡನೆಯ ಸಹಿಗೆ ನಾನು ಇಂದಿಗೂ ಋಣಿ.

ವನ್ಯಧಾಮದಿಂದ ಎರಡು ಸಾಲಿನ ಉತ್ತರ ಬಂತು. ‘ತಿಳಿಸಿದ್ದಕ್ಕೆ ಧನ್ಯವಾದ. ಏನು ಬೇಕು ಹೇಳಿ.’

ಬೇಕಾದದ್ದು ಗೂಟದ ಲೆಕ್ಕ. ಹತ್ತಿರದ ಬಂದರಿಗೆ ಅಲ್ಲಿಯ ಸರ್ಕಾರ ಪ್ರತಿ ವರ್ಷ ಉಬ್ಬರವಿಳಿತದ ಪಟ್ಟಿ ಅಚ್ಚು ಹಾಕಿಸುತ್ತದೆ. ಅದನ್ನೇ ಸಾಫ್ಟ್‌ವೇರಿಗೆ ಸೇರಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಕಾಕಾ ಅಲ್ಲವೆಂದು ತಲೆಯಾಡಿಸಿದರು.

“ನದಿ ಸೇರುವ ಸಾಗರದಲ್ಲಿ ಭರತ ಆಗಿ, ಅಂದ್ರೆ ನೀರು ತುಂಬಿ, ಎಷ್ಟೋ ಗಂಟೆ ಕಳೆದ ಮೇಲೆ ಖಿದಿರ್‌ಪುರದಲ್ಲಿ ಆಗುದು. ಒಂದೇ ನೀರು, ಒಂದೇ ನದಿ. ಪ್ರತಿ ದಂಡೆಗೂ ಅದರದೇ ತಡ ಉಂಟು. ನಿನ್ನ ಸೀಲಿನ ದಂಡೆಯ ತಡ ಎಷ್ಟು, ಅದು ಯಾವ ಪುಸ್ತಕದಲ್ಲೂ ಇರುದಿಲ್ಲ. ಅಲ್ಲಿ ಗೂಟ ನೋಡಿದವನ ಹತ್ರ ಮಾತ್ರ ಇರ್ತದೆ.”

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ಮದ್ದು ತಲೆಯ ಮೇಲಿನ ಅಂತಸ್ತಿನಲ್ಲಿ ಎರಡು ವರ್ಷದಿಂದ ಓಡಾಡುತ್ತಿತ್ತು, ನಾನು ಅವರ ಚಪ್ಪಲಿಯ ಸದ್ದು ಮಾತ್ರ ಕೇಳಿಸಿಕೊಂಡಿದ್ದೆ.

ಮೇಲ್ವಿಚಾರಕರು ತಮ್ಮ ನಾಲ್ಕು ಋತುಗಳ ದಿನಚರಿಯನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಕಳಿಸಿದರು. ಪ್ರತಿ ದಿನ ನೀರು ಗೂಟದ ತುದಿ ಮುಟ್ಟಿದ ಹೊತ್ತು ಅದರಲ್ಲಿತ್ತು. ಪಂಚಮಿಯಿಂದ ದಶಮಿಯವರೆಗೆ ಕಚೇರಿಗೆ ಬೀಗ. ಓಣಿಯ ತುದಿಯಲ್ಲೇ ಪೂಜೆಯ ಚಪ್ಪರ ಎದ್ದಿತ್ತು, ಗರಿಯಾಹಾಟ್ ದಾಟಿ ಹೋಗುವುದೆಂದರೆ ಜನರ ಭುಜದ ಮೇಲೆಯೇ ಹೋಗಬೇಕು. ಹಾಗಾಗಿ ಕಾಕಾನ ಊಟದ ಮೇಜೇ ಕಚೇರಿಯಾಯಿತು. ಹಬ್ಬ ಬಿಟ್ಟು ಬರಬೇಡ ಎಂದು ಎಷ್ಟು ಹೇಳಿದರೂ ಕೇಳದೆ ಪ್ರೋಗ್ರಾಮರ್ ಹೊಸ ಅಂಗಿ ಹಾಕಿಕೊಂಡೇ ದಿನಾ ಬೆಳಿಗ್ಗೆ ಬಂದು ಕೂರುತ್ತಿದ್ದ.

“ನಕಲು ಮಾಡಿದವನು ನಾನಲ್ಲವೇ ದಿದಿ? ದೇವಿಗೆ ಸಂಜೆ ಮುಖ ತೋರಿಸುತ್ತೇನೆ” ಎನ್ನುತ್ತಿದ್ದ.

ಕ್ರಮ ಹೀಗಿತ್ತು. ನಾನು ದಿನಚರಿಯ ತಾರೀಖನ್ನೂ ಹೊತ್ತನ್ನೂ ಓದಿ ಹೇಳುವುದು. ಕಾಕಾ ಆಯಾ ವರ್ಷದ ಪಂಚಾಂಗ ತೆಗೆದು ಆ ದಿನದ ತಿಥಿ ಹೇಳುವುದು. ಹಳೆಯ ಪಂಚಾಂಗಗಳನ್ನೆಲ್ಲ ಅವರು ದಾರ ಪೋಣಿಸಿ ಇಟ್ಟಿದ್ದರು. ಪ್ರೋಗ್ರಾಮರ್ ಗೂಟದ ಹೊತ್ತಿನಿಂದ ತಿಥಿಗೆ ಎರಡು ಘಳಿಗೆಯಂತೆ ಕಳೆಯುವುದು. ಕಳೆದು ಉಳಿದದ್ದೇ ಆ ದಂಡೆಯ ತಡ. ತಿಥಿ ಇಲ್ಲಿಗೂ ಅಲ್ಲಿಗೂ ಒಂದೇ, ಚಂದ್ರ ಒಬ್ಬನೇ ಎಂದು ಕಾಕಾ ಮೊದಲೇ ಭರವಸೆ ಕೊಟ್ಟಿದ್ದರು. ಹಾಗಿದ್ದರೆ ಉಳಿದದ್ದು ಎಲ್ಲ ದಿನವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಮೊದಲ ಮೂವತ್ತು ದಿನ ಹಾಗೇ ಬಂತು. ಕಾಲು ಗಂಟೆ ಆಚೆ, ಅರ್ಧ ಗಂಟೆ ಈಚೆ, ಅಷ್ಟೇ. ಪ್ರೋಗ್ರಾಮರ್ ನನ್ನ ಮುಖ ನೋಡಿ ನಕ್ಕ. ಚಿಗವ್ವ ಒಳಗಿನಿಂದ ಕಡುಬು ತಂದಿಟ್ಟರು.

ಸಪ್ತಮಿಯ ದಿನ ಎಲ್ಲ ಕೆಟ್ಟಿತು. ಮೊದಲ ಋತುವಿನ ಒಂದು ತಾರೀಖಿನಿಂದ ಮುಂದಕ್ಕೆ ಉಳಿದದ್ದು ಒಮ್ಮೆಲೇ ಒಂದು ಗಂಟೆ ಹೆಚ್ಚಾಯಿತು. ಹೆಚ್ಚಾದದ್ದು ಇಳಿಯಲೂ ಇಲ್ಲ. ಎರಡನೆಯ ಋತುವಿನಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಓದಿದ್ದು ತಪ್ಪೋ ಎಂದು ಮತ್ತೆ ಓದಿದೆವು. ಪಂಚಾಂಗ ತಪ್ಪೋ ಎಂದು ಪ್ರೋಗ್ರಾಮರ್ ಮೆಲ್ಲಗೆ ಕೇಳಿದಾಗ ಕಾಕಾ ಅವನನ್ನು ದಿಟ್ಟಿಸಿ ನೋಡಿದರು. ಇಡೀ ದಿನ ಹೋಯಿತು. ಈ ತಡದ ಲೆಕ್ಕವೇ ಹುಸಿಯಾದರೆ ಉಳಿದ ಐದು ವಾರದಲ್ಲಿ ಬೇರೆ ದಾರಿಯಿರಲಿಲ್ಲ. ನನಗೆ ಅಳು ಬಂತು, ಚಿಗವ್ವನ ಅಡುಗೆಮನೆಗೆ ಹೋಗಿ ಅತ್ತೆ. ಅವರು ಸಮಾಧಾನ ಹೇಳಲಿಲ್ಲ, ತೆಂಗಿನಕಾಯಿ ತುರಿಯಲು ಕೊಟ್ಟರು.

ಹೊರಗೆ ಬಂದಾಗ ಕಾಕಾ ಆ ತಾರೀಖುಗಳ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು.

“ನೀರು ಒಂದು ಗಂಟೆ ಹಾರುದಿಲ್ಲ. ಚಂದ್ರನೂ ಹಾರುದಿಲ್ಲ. ಮನುಷ್ಯನೇ ಎಂತದೋ ಹಾರಿಸಿದ್ದಾನೆ. ಆ ಜನ ಗಡಿಯಾರ ತಿರುಗಿಸ್ತಾರಾ? ನಮ್ಮ ಕಟ್ಟೆಗೆ ಬರ್ತಿದ್ದ ವಿಲಾಯತಿ ಹಡಗಿನವರು ಬೇಸಿಗೆಗೊಂದು ಗಂಟೆ, ಚಳಿಗೊಂದು ಗಂಟೆ ಅಂತ ಹೇಳ್ತಿದ್ದ ನೆನಪು.”

ಅದೇ ಆಗಿತ್ತು. ಅಲ್ಲಿ ಬೇಸಿಗೆ ಬಂದೊಡನೆ ದೇಶಕ್ಕೆ ದೇಶವೇ ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಿಡುತ್ತದೆ. ಹುಟ್ಟಿದಾಗಿನಿಂದ ಒಂದೇ ಗಡಿಯಾರದಲ್ಲಿ ಬದುಕಿದ ನಾವು ಮೂವರು ಹೊತ್ತು ಕೂಡ ಬದಲಾಗುವ ವಸ್ತು ಎಂದು ಊಹಿಸಿರಲಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲೂ ಅದಕ್ಕೆ ಜಾಗ ಮಾಡಿರಲಿಲ್ಲ. ಹತ್ತು ಜನರ ತಿದ್ದುಪಡಿ ಕಳಿಸಿದ್ದರೆ ಈ ಎರಡನೆಯ ಹುಳುಕು ಋತುವಿನ ನಡುವೆ ಹೊರಬರುತ್ತಿತ್ತು. ಆ ಒಂದು ಗಂಟೆ ಕಳೆದಾಗ ನಾಲ್ಕು ಋತುಗಳ ಎಲ್ಲ ದಿನಗಳೂ ಸಾಲಿಗೆ ಬಂದು ನಿಂತವು. ಪ್ರೋಗ್ರಾಮರ್ ಎದ್ದು ಕಾಕಾನ ಕಾಲು ಮುಟ್ಟಿ ನಮಸ್ಕರಿಸಿ, ಸಂಜೆಯ ಆರತಿಗೆ ಓಡಿದ.

ಪಂಚಾಂಗದಿಂದ ಸಾಫ್ಟ್‌ವೇರ್ ಬರೆಯಲಿಲ್ಲ, ಅದನ್ನು ಇಲ್ಲಿ ಹೇಳಬೇಕು. ಬಂದರಿನ ಅಚ್ಚಾದ ಪಟ್ಟಿ, ಅದಕ್ಕೆ ಆ ದಂಡೆಯ ತಡ, ಅದಕ್ಕೆ ಬೇಸಿಗೆಯ ಗಡಿಯಾರ, ಇಷ್ಟನ್ನು ಸೇರಿಸಿ ಪ್ರೋಗ್ರಾಮರ್ ಎರಡು ವಾರದಲ್ಲಿ ಹೊಸದಾಗಿ ಬರೆದ. ಪಂಚಾಂಗವನ್ನು ನಾನು ಪರೀಕ್ಷೆಗೆ ಇಟ್ಟುಕೊಂಡೆ. ಈ ಸಲ ನೂರಿಪ್ಪತ್ತು ದಿನವನ್ನೂ ಒಂದೊಂದಾಗಿ ನೋಡಿದೆ. ಪಾಡ್ಯ, ಬಿದಿಗೆ, ತದಿಗೆ ಎಂದು ಬರೆದ ಕಾಗದಗಳನ್ನು ನನ್ನ ಮೇಜಿನ ಮೇಲೆ ಕಂಡವರು ಈ ಹುಡುಗಿಗೆ ಮದುವೆ ಗೊತ್ತಾಗಿದೆ ಎಂದು ಸುದ್ದಿ ಹಬ್ಬಿಸಿದರು. ದಿನವೂ ಮನೆಗೆ ಬಂದರೆ ಚಿಗವ್ವನ ಪ್ರಶ್ನೆ ಒಂದೇ, ತಾಯಿ ಬಂತಾ. ನನ್ನ ಉತ್ತರವೂ ಒಂದೇ.

ನಾನು ಎರಡನೆಯ ಸಲ ಸಹಿ ಹಾಕಿದಾಗ ಋತುವಿಗೆ ಒಂಬತ್ತು ದಿನ ಉಳಿದಿತ್ತು. ಸಹಿಯ ಜೊತೆ ಎಲ್ಲ ದಿನಗಳ ಪಟ್ಟಿಯನ್ನೂ ಕಳಿಸಿದೆ. ಮೇಲ್ವಿಚಾರಕರು ನಾಲ್ಕು ದಿನ ಗೂಟಕ್ಕೆ ಹೋಲಿಸಿ ನೋಡಿ, ಒಪ್ಪಿದರು. ಉದ್ಘಾಟನೆಯ ದಿನಕ್ಕೆ ನಮ್ಮಲ್ಲಿಂದ ಒಬ್ಬರು ಹೋಗಬೇಕಿತ್ತು. ಮ್ಯಾನೇಜರ್ ಹೋಗುವುದೆಂದು ಎಂದೋ ತೀರ್ಮಾನವಾಗಿತ್ತು. ಮೇಲ್ವಿಚಾರಕರ ಪತ್ರದಲ್ಲಿ ‘ಸಹಿಯನ್ನು ಹಿಂತೆಗೆದುಕೊಂಡವರನ್ನು ನೋಡಬೇಕು’ ಎಂದಿತ್ತು. ಮ್ಯಾನೇಜರ್ ಆ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, ಸ್ವೆಟರ್ ಇದೆಯೇ ಎಂದು ಕೇಳಿದರು.

ಹೊರಡುವ ದಿನ ಕಾಕಾ ಒಂದು ಚೀಟಿ ಕೊಟ್ಟರು. ಉದ್ಘಾಟನೆಯ ದಿನ ಆ ದಂಡೆಯಲ್ಲಿ ನೀರು ಗೂಟದ ತುದಿ ಮುಟ್ಟುವ ಹೊತ್ತನ್ನು ಪಂಚಾಂಗ ನೋಡಿ ಲೆಕ್ಕ ಹಾಕಿದ್ದರು. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. “ನಿಂತು ನೋಡಿ ಬಾ” ಎಂದರು.

ಆ ದಿನ ಬೆಳಿಗ್ಗೆಯಿಂದ ನಾನು ಟಿಕೆಟ್ ಕೊಡುವ ಚಿಕ್ಕ ಮರದ ಮನೆಯೊಳಗೇ ಇದ್ದೆ. ಗುಂಪುಗಳು ಸರಿಯಾಗಿ ಕೂಡಿಕೊಳ್ಳುತ್ತಿವೆಯೇ, ದೀಪ ಹೇಳಿದ ಹೊತ್ತಿಗೆ ಬದಲಾಗುತ್ತಿದೆಯೇ ಎಂದು ನೋಡುವುದರಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ದಂಡೆ ಅಲ್ಲಿಂದ ಕಾಣುತ್ತಿರಲಿಲ್ಲ, ಗುಡ್ಡ ಅಡ್ಡ. ಗಾಳಿಯಲ್ಲಿ ಒಂದು ಗಡಸು ವಾಸನೆ, ಆಗಾಗ ಕೆಮ್ಮಿದಂಥ ಒಂದು ಕೂಗು ಮಾತ್ರ. ಬಿಳಿಗಡ್ಡದ, ಎತ್ತರದ ಮೇಲ್ವಿಚಾರಕರು ಕೊನೆಗೆ ಬಂದು, “ಐದು ತಿಂಗಳು ಫೋಟೊ ನೋಡಿದ್ದು ಸಾಕು, ಬನ್ನಿ” ಎಂದು ಕರೆದೊಯ್ದರು. ಕಾಲುದಾರಿಯ ಬಾಗಿಲು ತಲುಪಿದಾಗ ದೀಪ ಕೆಂಪಾಗಿತ್ತು. ಕೆಂಪಾಗಿ ನಾಲ್ಕು ನಿಮಿಷ.

ಅವರು ಚಿಲಕದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು.

“ಕೀಲಿ ನನ್ನ ಹತ್ತಿರವಿದೆ. ನಾಳೆ ನಿಮ್ಮ ವಿಮಾನ. ನಾವಿಬ್ಬರೇ, ಹತ್ತು ನಿಮಿಷ ಹೋಗಿ ಬರಬಹುದು.”

ಹೋಗಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದು ಹೇಳಿದರೆ ಸುಳ್ಳೆನಿಸಬಹುದು. ಆ ದೀಪವನ್ನು ಆ ನಿಮಿಷಕ್ಕೆ ಕೆಂಪು ಮಾಡಿಸಿದವಳು ನಾನೇ.

“ಬೇಡ ಸರ್. ಎಲ್ಲಿಂದ ಕಾಣುತ್ತದೋ ಅಲ್ಲಿಂದಲೇ ನೋಡುತ್ತೇನೆ” ಎಂದೆ.

ಅವರು ಕೈ ತೆಗೆದರು. ಗುಡ್ಡದ ನೆತ್ತಿಯಲ್ಲೊಂದು ಮರದ ಅಟ್ಟ. ಅದನ್ನು ಹತ್ತಿಸಿ, ಕೊರಳಿನ ದುರ್ಬೀನು ತೆಗೆದು ಕೊಟ್ಟರು. ಕೆಳಗೆ ನೀರು ಏರುತ್ತಿತ್ತು. ಮರಳಿನ ಪಟ್ಟಿ ಕಿರಿದಾಗುತ್ತ ಬಂದಂತೆ ನೂರಾರು ಕಂದು ಮೈಗಳು ಅವಸರವಿಲ್ಲದೆ, ಹೊಟ್ಟೆಯ ಮೇಲೆ ತೆವಳಿಕೊಂಡು ಮೇಲಕ್ಕೆ ಬರತೊಡಗಿದವು. ನಾವು ಆ ಬಾಗಿಲು ದಾಟಿದ್ದರೆ ಎಲ್ಲಿ ನಿಂತಿರುತ್ತಿದ್ದೆವೋ ಆ ಜಾಗಕ್ಕೇ ಒಂದು ತಾಯಿ ಬಂದು ಉರುಳಿತು. ಹಿಂದಿನಿಂದ ಅದರ ಮರಿ ಬಂತು. ಎರಡು ಸಲ ಸೋತು ನಿಂತು, ಮತ್ತೆ ಎದ್ದು, ತಾಯಿಯ ಹೊಟ್ಟೆಗೆ ಮುಖ ಹಚ್ಚಿತು. ನನಗೆ ದುರ್ಬೀನಿನಲ್ಲಿ ಏನೂ ಕಾಣದಾಯಿತು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ.

ಆಗ ಕೇಳಿದೆ, ಪ್ರಯೋಗದ ದಿನ ನೀರಿಗೆ ಹೋದ ಆ ತಾಯಿ ಮರಳಿತೇ ಎಂದು.

“ಬಂತು. ಮೂರನೆಯ ದಿನ ಬೆಳಿಗ್ಗೆ. ಮರಿ ಬಹಳ ಬಡವಾಗಿತ್ತು, ಆದರೆ ಕುಡಿಯಿತು. ಈಗ ಇಲ್ಲೇ ಎಲ್ಲೋ ಇರಬೇಕು, ಎಲ್ಲ ಒಂದೇ ಗಾತ್ರವಾಗಿವೆ” ಎಂದರು.

“ನೀವು ತಿಳಿಸಲೇ ಇಲ್ಲ.”

“ನೀವೂ ಕೇಳಲಿಲ್ಲ.”

ನೀರು ಗೂಟದ ತುದಿ ಮುಟ್ಟುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಟಿಕೆಟ್ ಮನೆಗೆ ಹೋಗಿ, ಅವರ ಫೋನಿನಿಂದಲೇ ಗರಿಯಾಹಾಟ್‌ಗೆ ಕರೆ ಮಾಡಿದೆ. ಮೊದಲ ರಿಂಗಿಗೇ ಕಾಕಾ ಎತ್ತಿದರು. ಪಕ್ಕದಲ್ಲೇ ಕುಳಿತಿದ್ದರೆಂದು ಕಾಣುತ್ತದೆ.

“ಒಂದೂ ಇಪ್ಪತ್ತೆಂಟಕ್ಕೆ ಮುಟ್ಟಿತ್ರಿ ಕಾಕಾ. ಹದಿನೆಂಟು ನಿಮಿಷ ತಡ.”

“ಗಾಳಿ ಎಲ್ಲಿಂದ?”

“ದಂಡೀ ಕಡೆಯಿಂದ ಕಡಲಿಗೆ.”

“ಹಾಗಾದ್ರೆ ಸರಿ ಉಂಟು. ಗಾಳಿ ತಡೆದಿದೆ” ಎಂದರು. ಹಿಂದೆ ಚಿಗವ್ವನ ಧ್ವನಿ ಕೇಳಿಸಿತು. ಏನು ಕೇಳುತ್ತಿದ್ದಾರೆಂದು ಕಾಕಾ ಹೇಳುವ ಮೊದಲೇ ನನಗೆ ಗೊತ್ತಿತ್ತು. ಫೋನು ಅವರ ಕೈಗೆ ಕೊಡಿ ಎಂದೆ.

“ತಾಯಿ ಬಂದೈತ್ರಿ ಚಿಗವ್ವ” ಎಂದೆ. “ಆ ಸೋಮವಾರ ಫೋನಿನ್ಯಾಗ ಕೇಳಿದ್ದರ ಅಂದಽ ಗೊತ್ತಾಗತಿತ್ತು.”